ಮೂತ್ರದ ಉರಿ: ‘ಉಷ್ಣ’ ಎಂದು ಸುಮ್ಮನಿರಬೇಡಿ

ಮೂತ್ರ ಉರಿಯುತ್ತದೆ ಎಂದಾಗ ಮನೆಯ ಹಿರಿಯರು ಸಾಮಾನ್ಯವಾಗಿ ಕೊಡುವ ಉತ್ತರ, ‘ಉಷ್ಣವಾಗಿದೆ, ಎಳನೀರು ಕುಡಿ.’ ನೀರು ಕಡಿಮೆ ಕುಡಿದು ಬಂದ ಉರಿಯಾದರೆ ಅಷ್ಟಕ್ಕೇ ಶಮನವಾದೀತು. ಆದರೆ ಉರಿಯ ಜೊತೆ ಪದೇ ಪದೇ ಮೂತ್ರದ ಅವಸರ, ಹೋದರೆ ನಾಲ್ಕೇ ಹನಿ, ಕೆಳಹೊಟ್ಟೆ ನೋವು, ದುರ್ವಾಸನೆ ಅಥವಾ ಮೂತ್ರದಲ್ಲಿ ರಕ್ತ ಕಂಡರೆ ಅದು ಸೋಂಕಿನ ಲಕ್ಷಣ. ಅದನ್ನು ಮುಚ್ಚಿಟ್ಟರೆ ತೊಂದರೆ ಮೂತ್ರಕೋಶಕ್ಕೇ ಸೀಮಿತವಾಗಿ ಉಳಿಯುವುದಿಲ್ಲ.

ಮಹಿಳೆಯರಲ್ಲಿ ಹೆಚ್ಚು ಏಕೆ?

ಪುರುಷರ ಮೂತ್ರನಾಳ ಸುಮಾರು 20 ಸೆಂ.ಮೀ. ಉದ್ದವಿದ್ದರೆ ಮಹಿಳೆಯರದ್ದು ಸುಮಾರು 4 ಸೆಂ.ಮೀ. ಮಾತ್ರ. ಅದರ ದ್ವಾರವು ಮಲದ್ವಾರಕ್ಕೆ ಹತ್ತಿರವೂ ಇದೆ. ಕರುಳಿನಲ್ಲಿ ಸಹಜವಾಗಿ ವಾಸಿಸುವ ಇ-ಕೋಲೈ ಎಂಬ ಬ್ಯಾಕ್ಟೀರಿಯಾ ಸುಲಭವಾಗಿ ಮೂತ್ರಕೋಶವನ್ನು ತಲುಪುತ್ತದೆ. ಹೆಚ್ಚಿನ ಮೂತ್ರ ಸೋಂಕುಗಳಿಗೆ ಇದೇ ಕಾರಣ. ಸುಮಾರು ಅರ್ಧದಷ್ಟು ಮಹಿಳೆಯರು ಜೀವನದಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸುತ್ತಾರೆ. ಆದ್ದರಿಂದ ಇದು ನಾಚಿಕೆಪಡುವ ರೋಗವಲ್ಲ.

ಸೋಂಕು ಮೇಲಕ್ಕೇರಿದರೆ

ಚಳಿ ಜ್ವರ, ಸೊಂಟದ ಮೇಲ್ಭಾಗದಲ್ಲಿ ಒಂದು ಬದಿಯ ನೋವು, ವಾಂತಿ ಕಂಡುಬಂದರೆ ಸೋಂಕು ಕಿಡ್ನಿಗೆ ತಲುಪಿರಬಹುದು. ಅಂದೇ ವೈದ್ಯರಲ್ಲಿಗೆ ಹೋಗಬೇಕು. ತಡವಾದರೆ ಸೋಂಕು ರಕ್ತಕ್ಕೆ ಹರಡಿ ಪ್ರಾಣಕ್ಕೇ ಅಪಾಯವಾಗಬಹುದು.

ಗರ್ಭಿಣಿಯರಲ್ಲಿ ಉರಿ, ನೋವು ಏನೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದುಂಟು. ಚಿಕಿತ್ಸೆ ಇಲ್ಲದಿದ್ದರೆ ಅದು ಕಿಡ್ನಿಗೆ ಏರುವ ಸಾಧ್ಯತೆ ಹೆಚ್ಚು. ಅವಧಿಗೆ ಮೊದಲೇ ಹೆರಿಗೆ, ಮಗುವಿನ ತೂಕ ಕಡಿಮೆಯಾಗುವ ಸಂಭವವೂ ಇದೆ. ‘ನನಗೆ ಏನೂ ಇಲ್ಲ’ ಎಂದು ಗರ್ಭಿಣಿಯರು ಮೂತ್ರ ಪರೀಕ್ಷೆ ತಪ್ಪಿಸಬಾರದು.

ಎರಡು ವರ್ಷದೊಳಗಿನ ಮಗುವಿಗೆ ಕಾರಣ ತಿಳಿಯದ ಜ್ವರ ಬಂದರೆ ಮೂತ್ರ ಪರೀಕ್ಷಿಸಿ. ಪದೇ ಪದೇ ಸೋಂಕಾದರೆ ಎಳೆಯ ಕಿಡ್ನಿಯಲ್ಲಿ ಕಲೆ ಉಳಿಯಬಹುದು. ಮಧುಮೇಹಿಗಳು ಮತ್ತು ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದ ಹಿರಿಯರೂ ಎಚ್ಚರದಿಂದಿರಬೇಕು.

ಬಿಳಿಸೆರಗು ಮತ್ತು ಬಂಜೆತನ

ಮುಟ್ಟಿನ ನಡುವಿನ ದಿನಗಳಲ್ಲಿ ವಾಸನೆಯಿಲ್ಲದ ತೆಳು ಬಿಳಿಸ್ರಾವ ಸಹಜ. ಮೊಸರಿನಂತೆ ಗಟ್ಟಿಯಾಗಿ ತುರಿಕೆ ಇದ್ದರೆ ಶಿಲೀಂಧ್ರದ ಸೋಂಕು ಇರಬಹುದು. ಅದು ಪದೇ ಪದೇ ಬಂದರೆ ಸಕ್ಕರೆ ಪರೀಕ್ಷೆಯೂ ಅಗತ್ಯ. ಹಳದಿ ಅಥವಾ ಹಸಿರು ಬಣ್ಣ, ದುರ್ನಾತ, ಕೆಳಹೊಟ್ಟೆ ನೋವು, ಜ್ವರ ಇದ್ದರೆ ತಡಮಾಡಬಾರದು.

ಕ್ಲಮೈಡಿಯಾ, ಗೊನೋರಿಯಾದಂತಹ ಸೋಂಕುಗಳು ಗರ್ಭಕೋಶದ ಮೂಲಕ ಅಂಡನಾಳಗಳಿಗೆ ಏರಿ, ನಾಳಗಳು ಅಂಟಿಕೊಂಡು ಮುಚ್ಚಿಹೋಗುವಂತೆ ಮಾಡುತ್ತವೆ. ಇದರಿಂದ ಬಂಜೆತನ ಅಥವಾ ನಾಳದಲ್ಲೇ ಗರ್ಭ ನಿಲ್ಲುವ ಅಪಾಯವಿದೆ. ಕ್ಲಮೈಡಿಯಾ ಬಹುತೇಕ ಮಹಿಳೆಯರಲ್ಲಿ ಯಾವ ಲಕ್ಷಣವನ್ನೂ ತೋರುವುದಿಲ್ಲ. ನಮ್ಮ ದೇಶದಲ್ಲಿ ಗರ್ಭಕೋಶ, ಅಂಡನಾಳಗಳ ಕ್ಷಯವೂ ಬಂಜೆತನಕ್ಕೆ ಒಂದು ಮುಖ್ಯ ಕಾರಣ.

ಇಂತಹ ಲೈಂಗಿಕ ಸೋಂಕು ಪತ್ತೆಯಾದಾಗ ಪತ್ನಿಗೆ ಮಾತ್ರ ಔಷಧಿ ಕೊಟ್ಟರೆ ಸಾಲದು. ಪತಿಗೂ ಚಿಕಿತ್ಸೆ ಆಗದಿದ್ದರೆ ಅದು ಮತ್ತೆ ಮರಳುತ್ತದೆ. ಮಕ್ಕಳಾಗಿಲ್ಲವೆಂದು ಸೊಸೆಯನ್ನು ದೂರುವ ಮನೆಗಳಲ್ಲಿ ಮಗನ ಪರೀಕ್ಷೆಯೂ ನಡೆಯಲಿ.

ಪಾಲಿಸಬೇಕಾದ ಕ್ರಮಗಳು

* ಇಸ್ತಿಂಜಾ ಮಾಡುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಹೆಣ್ಣುಮಕ್ಕಳಿಗೆ ಚಿಕ್ಕಂದಿನಲ್ಲೇ ಇದನ್ನು ಕಲಿಸಿ.
* ಯೋನಿಯ ಒಳಗೆ ಸೋಪು, ಆ್ಯಂಟಿಸೆಪ್ಟಿಕ್ ದ್ರಾವಣ ಹಾಕಿ ತೊಳೆಯಬೇಡಿ. ರಕ್ಷಣೆ ನೀಡುವ ಒಳ್ಳೆಯ ಬ್ಯಾಕ್ಟೀರಿಯಾಗಳು ಅದರಿಂದ ನಾಶವಾಗುತ್ತವೆ.
* ಪ್ರಯಾಣ, ಮದುವೆ, ಶಾಲೆಯಲ್ಲಿ ಮೂತ್ರ ತಡೆದಿಡಬೇಡಿ. ಮಲಮೂತ್ರ ತಡೆದುಕೊಂಡು ನಮಾಝಿಗೆ ನಿಲ್ಲಬಾರದೆಂದು ಪ್ರವಾದಿ(ಸ) ಕಲಿಸಿದ್ದಾರೆ.
* ಪತಿ ಪತ್ನಿಯರ ಮಿಲನದ ಬಳಿಕ ಮಹಿಳೆಯರು ಮೂತ್ರ ವಿಸರ್ಜಿಸುವುದು ಒಳ್ಳೆಯದು.
* ಹತ್ತಿಯ ಒಳ ಉಡುಪು ಧರಿಸಿ. ಮುಟ್ಟಿನ ಬಟ್ಟೆಯನ್ನು ಬಿಸಿಲಿನಲ್ಲೇ ಒಣಗಿಸಿ.
* ರಮಝಾನಿನಲ್ಲಿ ಇಫ್ತಾರ್ ಮತ್ತು ಸಹ್ರಿಯ ನಡುವೆ ಸಾಕಷ್ಟು ನೀರು ಕುಡಿಯಿರಿ.

ಔಷಧಿಯ ವಿಷಯ

ಯುನಾನಿಯಲ್ಲಿ ಮೂತ್ರದ ಉರಿಗೆ ಹುರ್ಕತುಲ್ ಬೌಲ್ ಎನ್ನುತ್ತೇವೆ. ಮೂತ್ರದ ಬಣ್ಣ, ಸಾಂದ್ರತೆ, ವಾಸನೆ, ಮಡ್ಡಿ ನೋಡಿ ರೋಗ ಗುರುತಿಸುವ ಕ್ರಮವನ್ನು ಇಬ್ನ್ ಸೀನಾ ಸುಮಾರು ಸಾವಿರ ವರ್ಷಗಳ ಹಿಂದೆಯೇ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ವಿವರಿಸಿದ್ದಾರೆ. ಇಂದು ಕಣ್ಣಿಗೆ ಕಾಣದ್ದನ್ನು ಪ್ರಯೋಗಾಲಯ ತೋರಿಸುತ್ತದೆ. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧಿ ಎಂಬುದು ಕಲ್ಚರ್ ಪರೀಕ್ಷೆಯಿಂದ ತಿಳಿಯುತ್ತದೆ. ಆ್ಯಂಟಿಬಯೋಟಿಕ್ ಆರಂಭಿಸುವ ಮೊದಲೇ, ಆರಂಭದ ಸ್ವಲ್ಪ ಮೂತ್ರ ಬಿಟ್ಟು ನಡುವಿನ ಮೂತ್ರವನ್ನು ಶುದ್ಧ ಡಬ್ಬದಲ್ಲಿ ಹಿಡಿದು ಕೊಡಬೇಕು.

ಶರ್ಬತ್ ಬಝೂರಿ, ಸೌತೆ ಮತ್ತು ಕರ್ಬೂಜದ ಬೀಜ, ಬಾರ್ಲಿ ನೀರು ಮೂತ್ರ ಸರಾಗವಾಗಲು ನೆರವಾಗುತ್ತವೆ. ಆದರೆ ಜ್ವರ ಇರುವಾಗ ಅಥವಾ ಗರ್ಭಿಣಿಯಾಗಿರುವಾಗ ಇವನ್ನೇ ನಂಬಿ ಕೂರಬಾರದು. ಶರ್ಬತ್‌ನಲ್ಲಿ ಸಕ್ಕರೆ ಇರುವುದರಿಂದ ಮಧುಮೇಹಿಗಳಿಗೆ ಅದು ಸಲ್ಲದು. ವೈದ್ಯರು ಆ್ಯಂಟಿಬಯೋಟಿಕ್ ಬರೆದುಕೊಟ್ಟರೆ, ಉರಿ ನಿಂತಿತೆಂದು ನಡುವೆ ಬಿಡಬೇಡಿ. ಕಳೆದ ಬಾರಿ ಉಳಿದ ಮಾತ್ರೆಯನ್ನು ಈ ಬಾರಿ ನುಂಗಬೇಡಿ.

ಲಜ್ಜೆ ಅಡ್ಡಿಯಾಗದಿರಲಿ

ಲಜ್ಜೆಯು ಈಮಾನಿನ ಭಾಗ. ಆದರೆ ಅನ್ಸಾರ್ ಮಹಿಳೆಯರು ಮುಟ್ಟು, ಸ್ನಾನದ ವಿಷಯಗಳನ್ನು ಪ್ರವಾದಿಯವರಲ್ಲೇ(ಸ) ಕೇಳಿ ತಿಳಿದುಕೊಂಡರು. ಕಲಿಯಲು ಲಜ್ಜೆ ಅವರಿಗೆ ಅಡ್ಡಿಯಾಗಲಿಲ್ಲವೆಂದು ಹ. ಆಯಿಶಾ(ರ) ಅವರನ್ನು ಪ್ರಶಂಸಿಸಿದರು. ಧರ್ಮದ ವಿಷಯ ಕೇಳಲು ಅಡ್ಡಿಯಾಗದ ಲಜ್ಜೆ ವೈದ್ಯರಲ್ಲಿ ಹೇಳಲು ಏಕೆ ಅಡ್ಡಿಯಾಗಬೇಕು? ಲೇಡಿ ಡಾಕ್ಟರರನ್ನೇ ಕಾಣಬಯಸುವುದು ಸರಿ. ಆದರೆ ಅವರು ಸಿಗಲಿಲ್ಲವೆಂದು ಜ್ವರದಲ್ಲಿ ದಿನ ದೂಡುವುದು ಸರಿಯಲ್ಲ.

ಉಪವಾಸದ ತಿಂಗಳಲ್ಲಿ ಜ್ವರ, ಬೆನ್ನುನೋವು ನುಂಗಿಕೊಂಡು ಉಪವಾಸ ಮುಂದುವರಿಸುವ ತಾಯಂದಿರಿದ್ದಾರೆ. ರೋಗಿಗೆ ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ಪೂರ್ತಿಗೊಳಿಸುವ ರಿಯಾಯಿತಿಯನ್ನು ಕುರ್‌ಆನ್ (2:185) ನೀಡಿದೆ. ಮನೆಯವರು ಅದನ್ನು ಅವರಿಗೆ ನೆನಪಿಸಲಿ. ‘ನಿನಗೆ ಏನಾಗುತ್ತಿದೆ?’ ಎಂದು ಪತಿಯೇ ಮೊದಲು ಕೇಳಲಿ, ಪರೀಕ್ಷೆಗೆ ತಾನೇ ಜೊತೆಗೆ ಹೋಗಲಿ.