ಹಾಳೆತಟ್ಟೆ ಯಂತ್ರದ ಅಚ್ಚಿನ ಶಾಖವನ್ನು ಸರಿಯಾಗಿ ಅಳೆಯುವ ಕ್ರಮ

ಅಡಿಕೆ ತೋಟಗಳಲ್ಲಿ ಉದುರುವ ಹಾಳೆಯು ಹಿಂದೆ ಟೊಪ್ಪಿಗೆಗೂ ದನದ ಮೇವಿಗೂ ಗೊಬ್ಬರಕ್ಕೂ ಹೋಗುತ್ತಿದ್ದಿತು. ಈಗ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಅದನ್ನು ನೀರಿನಲ್ಲಿ ನೆನೆಸಿ, ಕಾದ ಎರಡು ಅಚ್ಚುಗಳ ನಡುವೆ ಒತ್ತಿ ಊಟದ ತಟ್ಟೆಗಳನ್ನು ಮಾಡುವರು. ಅಚ್ಚು ಅತಿಯಾಗಿ ಕಾದರೆ ತಟ್ಟೆಯು ಕಂದಿ ಸುಟ್ಟ ವಾಸನೆ ಹಿಡಿಯುವುದು. ಶಾಖವು ಸಾಲದಿದ್ದರೆ ಆಕಾರ ನಿಲ್ಲದೆ, ತೇವವು ಒಳಗುಳಿದು, ಕಟ್ಟಿಟ್ಟ ಮೂಟೆಯಲ್ಲಿ ಬೂಷ್ಟು ಬರುವುದು. ಅಂತಹ ಮೂಟೆಯನ್ನು ವ್ಯಾಪಾರಿಯು ಹಿಂದಿರುಗಿಸಿದರೆ ಹಾಳೆಯೂ ಕೂಲಿಯೂ ವಿದ್ಯುತ್ತಿನ ವೆಚ್ಚವೂ ಒಟ್ಟಿಗೆ ನಷ್ಟ.

ಯಂತ್ರದ ಫಲಕದಲ್ಲಿ ಕಾಣುವ ಅಂಕಿಯನ್ನೇ ಅಚ್ಚಿನ ಮೈಯ ಶಾಖವೆಂದು ಅನೇಕರು ತಿಳಿದಿರುವರು. ಅದು ತಪ್ಪು. ಶಾಖವನ್ನರಿಯುವ ಕಡ್ಡಿಯು ಸಾಮಾನ್ಯವಾಗಿ ಅಚ್ಚಿನ ಒಡಲೊಳಗೆ ಇರುವುದು. ಒದ್ದೆ ಹಾಳೆಯನ್ನು ಒತ್ತಿದೊಡನೆ ಮೈಯು ತಣಿಯುವುದು; ಆ ಸುದ್ದಿಯು ಒಡಲಿಗೆ ತಡವಾಗಿ ಮುಟ್ಟುವುದು.

ದೂರದಿಂದ ಗುರಿಯಿಟ್ಟು ಓದುವ ಪಿಸ್ತೂಲಿನಾಕಾರದ ಉಷ್ಣಮಾಪಕವು ಇನ್ನೂ ಹೆಚ್ಚು ಮೋಸಗೊಳಿಸುವುದು. ಅದು ಮೈಯಿಂದ ಹೊರಡುವ ಶಾಖಕಿರಣಗಳನ್ನು ಅಳೆಯುವುದು. ಹೊಳೆಯುವ ಅಲ್ಯುಮಿನಿಯಮ್ ಅಚ್ಚಾದರೋ ಅದೇ ಶಾಖದ ಕಪ್ಪು ಮೈಯು ಹೊರಸೂಸುವುದರಲ್ಲಿ ಸುಮಾರು ಹತ್ತನೆಯ ಒಂದು ಪಾಲನ್ನು, ಕೆಲವು ವೇಳೆ ಅದಕ್ಕೂ ಕಡಿಮೆಯನ್ನು, ಹೊರಸೂಸುವುದು. ಮಿಕ್ಕಂತೆ ಕನ್ನಡಿಯ ಹಾಗೆ ಸುತ್ತಲಿನ ಶಾಖವನ್ನೇ ಪ್ರತಿಫಲಿಸುವುದು. ಆದುದರಿಂದ ಅಂಕಿಯು ನಿಜಕ್ಕಿಂತ ಬಹಳ ಕಡಿಮೆಯಾಗಿ ಕಾಣುವುದು. ಅದನ್ನು ನಂಬಿ ಶಾಖವನ್ನೇರಿಸಿದವನು ಹಾಳೆಯನ್ನು ಸುಡುವನು. ಇದಕ್ಕೆ ಪರಿಹಾರವು ಸುಲಭ: ಹಾಳೆ ತಾಕದ ಅಂಚಿನಲ್ಲಿ, ರೂಪಾಯಿ ನಾಣ್ಯಕ್ಕಿಂತ ದೊಡ್ಡದಾಗಿ, ಬಿಸಿ ತಾಳುವ ಕಪ್ಪು ಬಣ್ಣವನ್ನು ಬಳಿದು ಒಣಗಿಸಿ, ಹತ್ತಿರದಿಂದ ಅಲ್ಲಿಗೇ ಗುರಿಯಿಡಬೇಕು. ಕೆಂಪು ಚುಕ್ಕೆಯು ಗುರಿಯನ್ನು ಮಾತ್ರ ತೋರಿಸುವುದು. ದೂರ ಹೆಚ್ಚಿದಂತೆ ಅಳೆಯುವ ವೃತ್ತವು ಹಿಗ್ಗುವುದು. ಹಬೆಯ ಮೂಲಕ ಅಳೆಯಬಾರದು.

ಅಂಚಿನ ಶಾಖವು ನಡುವಿನ ಶಾಖವಲ್ಲವಷ್ಟೆ. ನಡುವನ್ನು ತಿಳಿಯಲು ಎರಡು ಲೋಹದ ತಂತಿಗಳ ತುದಿಯನ್ನು ಬೆಸೆದ ಥರ್ಮೋಕಪಲ್ ಉತ್ತಮ. ತುದಿಯನ್ನು ಬರಿದೇ ತಾಗಿಸಿದರೆ ನಡುವಿನ ಗಾಳಿಯಿಂದಲೂ, ತಂತಿಯ ಮೂಲಕ ಶಾಖವು ಹರಿದುಹೋಗುವುದರಿಂದಲೂ ಅಂಕಿಯು ತಗ್ಗುವುದು. ತಂತಿಯ ಒಂದೆರಡು ಅಂಗುಲವನ್ನು ಮೈಯ ಮೇಲೆಯೇ ಮಲಗಿಸಿ, ತುದಿಯನ್ನು ಅದುಮಿ ಹಿಡಿದು, ಅಂಕಿ ನಿಂತ ಮೇಲೆ ಓದಬೇಕು. ವಿದ್ಯುತ್ತನ್ನು ನಿಲ್ಲಿಸಿ, ಮೇಲಿನ ಅಚ್ಚು ಇಳಿಯದಂತೆ ಭದ್ರಪಡಿಸಿ, ಕೈಗವಸು ತೊಟ್ಟೇ ಈ ಕೆಲಸಕ್ಕಿಳಿಯತಕ್ಕದ್ದು. ಮೇಲಿನ ಅಚ್ಚನ್ನೂ ಕೆಳಗಿನದನ್ನೂ ಬೇರೆಬೇರೆಯಾಗಿ ಅಳೆಯಬೇಕು.

ಥರ್ಮೋಕಪಲ್ಲನ್ನು ಮೊದಲೇ ಪರೀಕ್ಷಿಸುವುದು ಅವಶ್ಯ. ಪುಡಿಮಾಡಿದ ಮಂಜುಗಡ್ಡೆಯೊಡನೆ ಬೆರೆತ ನೀರಿನಲ್ಲಿ ಅದು 0 ಡಿಗ್ರಿ ಸೆಂಟಿಗ್ರೇಡ್ ತೋರಿಸಬೇಕು. ಕುದಿಯುವ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ; ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು 1 ಡಿಗ್ರಿ ಇಳಿಯುವುದಾದ್ದರಿಂದ 2000 ಅಡಿ ಎತ್ತರದ ಊರಿನಲ್ಲಿ 98 ಬಂದರೆ ಮಾಪಕವನ್ನು ದೂಷಿಸಬಾರದು. ಗ್ರಾಮದ ಮುಖಂಡರು ನಾಲ್ಕಾರು ಯಂತ್ರದವರನ್ನು ಕೂಡಿಸಿ ಒಂದು ಒಳ್ಳೆಯ ಮಾಪಕವನ್ನು ಕೊಂಡಿಟ್ಟರೆ, ಸರದಿಯ ಮೇಲೆ ಎಲ್ಲರಿಗೂ ಒದಗುವುದು.