ನಲ್ಲಿ ನೀರು ನೋಡಿ ಮೀನು ತನ್ನಿ

ಭಾನುವಾರ ಬೆಳಿಗ್ಗೆ ಟ್ಯಾಂಕ್ ಖರೀದಿ. ಸಂಜೆಗೆ ಅದರೊಳಗೆ ಒಂದು ಡಜನ್ ಬಣ್ಣದ ಮೀನು. ಮುಂದಿನ ಭಾನುವಾರದ ಹೊತ್ತಿಗೆ ಉಳಿದದ್ದು ಎರಡೋ ಮೂರೋ. ಆಮೇಲೆ ಟ್ಯಾಂಕ್ ಅಟ್ಟ ಸೇರುತ್ತದೆ, 'ನಮ್ಮನೆಗೆ ಮೀನು ಆಗಿಬರಲ್ಲ' ಅನ್ನೋ ಮಾತು ಹುಟ್ಟಿಕೊಳ್ಳುತ್ತದೆ. ಹೆಚ್ಚಿನ ಮನೆಗಳಲ್ಲಿ ತಪ್ಪಿರುವುದು ಕೆಲಸದ ಕ್ರಮ, ಅಷ್ಟೇ. ಮೊದಲು ನೀರು, ಆಮೇಲೆ ಗಿಡ, ಕಟ್ಟಕಡೆಗೆ ಮೀನು ಅಂದುಕೊಂಡು ಶುರುಮಾಡಿ.

1. ನೀರಿನ ಜಾತಕ ನೋಡಿ. ಬೋರ್‌ವೆಲ್ಲೋ, ಕಾವೇರಿಯೋ, ಮಲೆನಾಡಿನ ಬಾವಿಯೋ? ಬಕೆಟ್ಟಿನ ಅಂಚಿನಲ್ಲಿ, ನಲ್ಲಿಯ ಬಾಯಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ ನಿಮ್ಮದು ಗಡಸು ನೀರು. ಅದಕ್ಕೆ ಗಪ್ಪಿ, ಮಾಲಿ, ಪ್ಲಾಟಿ ಹೇಳಿ ಮಾಡಿಸಿದ ಮೀನುಗಳು. ಮೆದು ನೀರಾದರೆ ಅಮೆಜಾನ್ ಮೂಲದ ನಿಯಾನ್ ಟೆಟ್ರಾ ಕೂಡ ಸುಖವಾಗಿರುತ್ತದೆ. ಗಡಸು ನೀರಿನ ಮನೆಯಲ್ಲಿ ನಿಯಾನ್ ಸಾಕುತ್ತೇನೆಂದು ಆರ್‌ಒ ನೀರು ಬೆರೆಸುತ್ತ ಕೂರಬಹುದು, ಆದರೆ ಅದು ವಾರವಾರವೂ ತಪ್ಪದ ಕೆಲಸ. ಬರೀ ಆರ್‌ಒ ನೀರು ತುಂಬಿಸುವುದಂತೂ ಬೇಡವೇ ಬೇಡ. ಖನಿಜವಿಲ್ಲದ ನೀರಿನಲ್ಲಿ ಪಿಎಚ್ ಒಂದು ಕಡೆ ನಿಲ್ಲುವುದಿಲ್ಲ. ಕಾರ್ಪೊರೇಶನ್ ನೀರಾದರೆ ಕ್ಲೋರಿನ್ ಇರುತ್ತದೆ. ತೆರೆದ ಬಕೆಟ್‌ನಲ್ಲಿ ಒಂದು ದಿನ ಇಡಿ, ಇಲ್ಲವೇ ಆಂಟಿ ಕ್ಲೋರಿನ್ ಹನಿ ಹಾಕಿ.

2. ಗುಂಡು ಬೌಲ್ ಬೇಡ. ನೀರು ಕಡಿಮೆಯಾದಷ್ಟೂ ಅದು ಕೆಡುವುದು ಬೇಗ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಹೊಸಬರಿಗೆ ಸರಿಯಾದ ಅಳತೆ. ಅಂಚಿನವರೆಗೆ ತುಂಬಿದರೆ 55 ಲೀಟರ್ ನೀರು ಹಿಡಿಯುತ್ತದೆ. ಗಾಜು, ಮಣ್ಣು, ಕಲ್ಲು ಸೇರಿದರೆ 70 ಕಿಲೋ ಆಸುಪಾಸು, ಹಾಗಾಗಿ ಟೀಪಾಯಿಯ ಮೇಲಿಡುವ ಸಾಹಸ ಮಾಡಬೇಡಿ. ಕೆಳಗೆ ತೆಳು ಥರ್ಮಾಕೋಲ್ ಹಾಸಿ. ವಾಸ್ತುವಿನವರು ಈಶಾನ್ಯ ಮೂಲೆ ತೋರಿಸುತ್ತಾರೆ. ಅಲ್ಲಿನ ಕಿಟಕಿಯಿಂದ ಬೆಳಗಿನ ಬಿಸಿಲು ನೇರವಾಗಿ ಗಾಜಿಗೆ ಬೀಳುವುದಾದರೆ ಅದೃಷ್ಟಕ್ಕೆ ಮುಂಚೆ ಪಾಚಿ ಬರುತ್ತದೆ.

3. ಕಲ್ಲಿಗೆ ನಿಂಬೆಹುಳಿ ಹಿಂಡಿ. ಗುಳ್ಳೆ ಎದ್ದರೆ ಸುಣ್ಣದ ಅಂಶವಿದೆ, ಅದು ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ. ಸಮುದ್ರದ ಚಿಪ್ಪು, ಹವಳದ ತುಂಡುಗಳಿಗೂ ಇದೇ ಮಾತು.

4. ತಳದಲ್ಲಿ ಮಣ್ಣು, ಮೇಲೆ ಮರಳು. ಗೊಬ್ಬರ ಬೆರೆಸದ ತೋಟದ ಮಣ್ಣನ್ನು ಜರಡಿ ಹಿಡಿದು ಒಂದಿಂಚು ಹರಡಿ. ಅದರ ಮೇಲೆ ನೀರು ತಿಳಿಯಾಗುವ ತನಕ ತೊಳೆದ ಮರಳು ಒಂದೂವರೆ ಇಂಚು. ಎಂ-ಸ್ಯಾಂಡ್ ಚೂಪು, ತಳ ಕೆದಕುವ ಮೀನಿನ ಮೀಸೆ ಸವೆಯುತ್ತದೆ. ಸಗಣಿ ಗೊಬ್ಬರ ಹಾಕಿದರೆ ಅಮೋನಿಯಾ ಏರಿ ನೀರು ಗಬ್ಬು ನಾರುತ್ತದೆ. ಅಂಗಡಿಯ ದುಬಾರಿ ಚೀಲಗಳಿಲ್ಲದೆ ಮಣ್ಣಿನಲ್ಲೇ ಸೊಗಸಾದ ಟ್ಯಾಂಕ್ ಮಾಡಬಹುದೆಂದು ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರಲ್ಲೇ ಪುಸ್ತಕ ಬರೆದು ತೋರಿಸಿದ್ದಾರೆ. ನೀರು ತುಂಬುವಾಗ ಮರಳಿನ ಮೇಲೊಂದು ತಟ್ಟೆ ಇಟ್ಟು ಅದರ ಮೇಲೆ ಸುರಿಯಿರಿ. ಇಲ್ಲದಿದ್ದರೆ ಮಣ್ಣೆಲ್ಲ ಎದ್ದು ಟ್ಯಾಂಕ್ ಚಹಾದ ಬಣ್ಣಕ್ಕೆ ತಿರುಗುತ್ತದೆ.

5. ಮೊದಲ ದಿನವೇ ಗಿಡ ತುಂಬಿ. ಎರಡು ಕಡ್ಡಿ ನೆಟ್ಟು ಬೆಳೆಯಲಿ ಎಂದು ಕಾಯುವವರ ಟ್ಯಾಂಕಿನಲ್ಲಿ ಬೆಳೆಯುವುದು ಪಾಚಿ. ಹೈಸ್ಕೂಲ್ ಪ್ರಯೋಗಾಲಯದಲ್ಲಿ ಗಾಜಿನ ಆಲಿಕೆಯ ಕೆಳಗೆ ಗುಳ್ಳೆ ಬಿಡುತ್ತಿದ್ದ ಹೈಡ್ರಿಲ್ಲಾ ನೆನಪಿದೆಯಲ್ಲ, ಅಂಥ ಬೇಗ ಚಿಗುರುವ ಗಿಡ ಆರಂಭಕ್ಕೆ ಬೇಕು. ಅವು ಅಮೋನಿಯಾವನ್ನೇ ಆಹಾರ ಮಾಡಿಕೊಳ್ಳುತ್ತವೆ. ಹಿಂಬದಿಗೆ ರಿಬ್ಬನ್ನಿನಂತಹ ವ್ಯಾಲಿಸ್ನೇರಿಯಾ, ಮಧ್ಯಕ್ಕೆ ಕ್ರಿಪ್ಟೋಕೊರೈನ್. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಇದರ ಜಾತಿಗಳು ಬೆಳೆಯುತ್ತವೆ. ನೆಟ್ಟ ಹೊಸದರಲ್ಲಿ ಕ್ರಿಪ್ಟೋಕೊರೈನ್ ಎಲೆ ಕರಗಿ ಲೋಳೆಯಾಗುವುದುಂಟು. ಕಿತ್ತೆಸೆಯಬೇಡಿ. ಬೇರು ಬದುಕಿರುತ್ತದೆ, ಕೆಲವು ವಾರದಲ್ಲಿ ಹೊಸ ಎಲೆ ಬರುತ್ತದೆ. ಜಾವಾ ಫರ್ನ್ ಮತ್ತು ಅನುಬಿಯಾಸ್‌ನ ದಪ್ಪ ಗೆಡ್ಡೆಯನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ. ಕಲ್ಲಿಗೋ ಮರದ ತುಂಡಿಗೋ ದಾರದಿಂದ ಕಟ್ಟಿ.

6. ದೀಪಕ್ಕೆ ಟೈಮರ್. ಮೊದಲ ತಿಂಗಳು ದಿನಕ್ಕೆ 6 ಗಂಟೆ, ಆಮೇಲೆ 8. ನೆಂಟರು ಬಂದರೆಂದು ರಾತ್ರಿ ಹನ್ನೊಂದರವರೆಗೆ ಉರಿಸಬೇಡಿ.

7. ಮೀನಿಲ್ಲದ ಟ್ಯಾಂಕ್ ನೋಡುತ್ತ ಕಾಯಿರಿ. ಎಲ್ಲರೂ ಹಾರಿಸಿಬಿಡುವ ಹೆಜ್ಜೆ ಇದು. ಮೀನಿನ ಕಿವಿರಿನಿಂದ ಹೊರಬರುವ ಅಮೋನಿಯಾ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡಿದ ಮೇಲೆಯೇ ಅಪಾಯ ಇಳಿಯುವುದು. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಾಂಜಿನಲ್ಲಿ ನೆಲೆಸಲು 4ರಿಂದ 6 ವಾರ ಬೇಕು. ಅಲ್ಲಿಯತನಕ ಫಿಲ್ಟರ್ ಹಗಲು ರಾತ್ರಿ ಓಡುತ್ತಿರಲಿ, ಆಗೊಮ್ಮೆ ಈಗೊಮ್ಮೆ ಚಿಟಿಕೆ ಮೀನಿನ ಆಹಾರ ಉದುರಿಸಿ. ಅದು ಕೊಳೆತು ಬ್ಯಾಕ್ಟೀರಿಯಾಕ್ಕೆ ಊಟವಾಗುತ್ತದೆ. ಗೆಳೆಯರ ಆರೋಗ್ಯವಂತ ಟ್ಯಾಂಕಿನಿಂದ ಹಳೇ ಸ್ಪಾಂಜಿನ ತುಂಡು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿ ನೈಟ್ರೇಟ್ ಕಾಣಿಸಿದ ದಿನ ಮೀನಿನ ಅಂಗಡಿಗೆ ಹೋಗಬಹುದು. ನೀರು ಫಳಫಳ ಹೊಳೆಯುತ್ತಿದೆ ಎಂಬುದು ಯಾವ ಪುರಾವೆಯೂ ಅಲ್ಲ.

8. ಮೀನಿನ ಸಂಸಾರ ಹೊಂದಿಸಿ. ಮೆದು ನೀರಿನ ಎರಡಡಿ ಟ್ಯಾಂಕಿಗೆ ನನ್ನ ಆಯ್ಕೆ: ನಡುನೀರಿಗೆ 8 ನಿಯಾನ್ ಅಥವಾ ಹಾರ್ಲೆಕ್ವಿನ್ ರಾಸ್ಬೋರಾ, ತಳಕ್ಕೆ 5 ಚಿಕ್ಕ ಜಾತಿಯ ಕೋರಿಡೋರಾಸ್, ಮೇಲ್ಭಾಗಕ್ಕೆ ಒಂದು ಜೋಡಿ ಹನಿ ಗೌರಾಮಿ. ಇವು ಒಂದರ ತಂಟೆಗೆ ಇನ್ನೊಂದು ಹೋಗುವುದಿಲ್ಲ, ಗಿಡವನ್ನೂ ಕೀಳುವುದಿಲ್ಲ. ಗಡಸು ನೀರಿಗೆ ಗಂಡು ಗಪ್ಪಿಗಳಷ್ಟೇ ಸಾಕು. ಹೆಣ್ಣೂ ಸೇರಿದರೆ ತಿಂಗಳಿಗೊಮ್ಮೆ ಮರಿ, ಆ ಮರಿಗಳನ್ನು ಹಂಚಲು ನೀವು ಅಪಾರ್ಟ್‌ಮೆಂಟ್ ಪೂರ್ತಿ ಅಲೆಯಬೇಕು. ಬೆಂಗಳೂರಿನ ಚಳಿಗಾಲಕ್ಕೂ ಹೀಟರ್ ಬೇಡ ಎನ್ನುವವರಿಗೆ ನಮ್ಮ ದೇಶದ್ದೇ ಜೀಬ್ರಾ ಡಾನಿಯೋ ಇದೆ. ಗುಂಪಿನಲ್ಲಿರಬೇಕಾದ ಮೀನನ್ನು ಒಂದೆರಡು ತಂದರೆ ಅದು ಹೆದರಿ ಎಲೆಯ ಹಿಂದೆಯೇ ಕಾಲ ಕಳೆಯುತ್ತದೆ. ಎಲ್ಲವನ್ನೂ ಒಂದೇ ದಿನ ತರಬೇಡಿ, ಎರಡು ವಾರಕ್ಕೊಂದು ಗುಂಪು ಸಾಕು. ಕವರನ್ನು 20 ನಿಮಿಷ ತೇಲಿಬಿಟ್ಟು, ಟ್ಯಾಂಕಿನ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸಿ, ಆಮೇಲೆ ಬಲೆಯಿಂದ ಮೀನನ್ನು ಮಾತ್ರ ಒಳಗೆ ಬಿಡಿ. ಅಂಗಡಿಯ ನೀರು ಸಿಂಕಿಗೆ.

9. ಅಂಗಡಿಯವರು 'ಇರ್ಲಿ ಸಾರ್, ತಗೊಳ್ಳಿ' ಅಂದರೂ ಬೇಡ ಅನ್ನಬೇಕಾದವು. ಗೋಲ್ಡ್ ಫಿಶ್ ಎಳೆ ಗಿಡ ತಿಂದು ಬೇರು ಕೆದಕುತ್ತದೆ. ಟೈಗರ್ ಬಾರ್ಬ್ ಗಪ್ಪಿಯ ಬಾಲ ಕಚ್ಚುತ್ತದೆ. ಏಂಜೆಲ್ ದೊಡ್ಡದಾದ ಮೇಲೆ ನಿಯಾನನ್ನೇ ನುಂಗುತ್ತದೆ. ಕೆಂಪು ಗೆರೆಯ ಚೆಲುವೆ 'ಮಿಸ್ ಕೇರಳ' ಅಳಿವಿನಂಚಿನ ಘಟ್ಟದ ಮೀನು, ಗುಂಪಿನಲ್ಲಿ ಈಜಲು ನಾಲ್ಕಡಿಯಾದರೂ ಜಾಗ ಬೇಕು. 'ಪಾಚಿ ಕ್ಲೀನ್ ಮಾಡತ್ತೆ' ಎಂದು ಕೊಡುವ ಸಕ್ಕರ್ ಮೀನು ಬೆರಳುದ್ದದಿಂದ ಒಂದಡಿ ಮೀರಿ ಬೆಳೆಯುತ್ತದೆ. ಆಗ ಅದನ್ನು ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವು ಅಂದುಕೊಳ್ಳುತ್ತಾರೆ. ಹೀಗೆ ಬಿಟ್ಟ ಸಕ್ಕರ್‌ಗಳು ದಕ್ಷಿಣ ಭಾರತದ ಎಷ್ಟೋ ಕೆರೆ, ನದಿಗಳಲ್ಲಿ ಬೀಡುಬಿಟ್ಟು ಮೀನುಗಾರರ ಬಲೆ ಹರಿಯುತ್ತಿವೆ. ಸಾಕಲಾಗದ ಮೀನನ್ನು ಅಂಗಡಿಗೇ ವಾಪಸ್ ಕೊಡಿ. ಕತ್ತರಿಸಿದ ಗಿಡವನ್ನೂ ರಾಜಕಾಲುವೆಗೆ ಎಸೆಯಬೇಡಿ.

10. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಆವಿಯಾದಷ್ಟು ನೀರನ್ನು ಮೇಲಿಂದ ತುಂಬುತ್ತಾ ಹೋದರೆ ಸಾಲದು. ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಕೂತಿರುತ್ತದೆ. ಬೋರ್‌ವೆಲ್ ನೀರಿನ ಮನೆಯಲ್ಲಿ ತಿಂಗಳುಗಟ್ಟಲೆ ಹೀಗೆ ಮಾಡಿದರೆ ಗಡಸುತನ ಏರುತ್ತಲೇ ಇರುತ್ತದೆ. ಸ್ಪಾಂಜನ್ನು ನಲ್ಲಿಗೆ ಹಿಡಿದು ತೊಳೆದರೆ ಆರು ವಾರ ಕಾದು ಬೆಳೆಸಿದ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಬಲಿ. ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ, ಆ ನೀರನ್ನು ತುಳಸಿಗೆ ಹಾಕಿ. ಮಂಗಳೂರು, ಕಾರವಾರದ ಬೇಸಿಗೆಯಲ್ಲಿ ನೀರು 30 ಡಿಗ್ರಿ ದಾಟಿದರೆ ಮುಚ್ಚಳ ತೆಗೆದು ಚಿಕ್ಕ ಫ್ಯಾನ್ ಹಚ್ಚಿ, ಏಕೆಂದರೆ ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ.

11. ಊರಿಗೆ ಹೋಗುವಾಗ. ಮೂರ್ನಾಲ್ಕು ದಿನವಾದರೆ ಆಹಾರದ ಚಿಂತೆ ಬಿಡಿ, ಬಲಿತ ಮೀನು ಉಪವಾಸ ತಡೆಯುತ್ತದೆ. ಹೆಚ್ಚು ದಿನವಾದರೆ ಡಬ್ಬಿಯನ್ನೇ ಪಕ್ಕದ ಮನೆಯವರ ಕೈಗೆ ಕೊಡಬೇಡಿ, 'ಪಾಪ, ಹಸಿದಿವೆ' ಎಂದು ಸುರಿದುಬಿಡುತ್ತಾರೆ. ಒಂದೊಂದು ಹೊತ್ತಿಗೆ ಒಂದು ಚಿಟಿಕೆಯಂತೆ ಪೊಟ್ಟಣ ಕಟ್ಟಿ, ಮೇಲೆ ವಾರ ಬರೆದು ಕೊಡಿ. ಡಬ್ಬಿ ಬೀರುವಿನಲ್ಲಿರಲಿ.