ವಾರ್ಡಿನಿಂದ ಮಗಳ ಬಾಯಿಗೆ

ಪ್ರಶ್ನೆ: ನಮ್ಮ ಯಜಮಾನರು ಆಸ್ಪತ್ರೆಯಲ್ಲಿ ನರ್ಸ್. ಅವರು ಮನೆಗೆ ಬಂದ ಕೂಡಲೇ ಒಂದೂವರೆ ವರ್ಷದ ಮಗಳು ಮೊಬೈಲ್ ಕಿತ್ತುಕೊಂಡು ಬಾಯಿಗೆ ಹಾಕುತ್ತಾಳೆ. ಟಾಯ್ಲೆಟ್ ಸೀಟಿಗಿಂತ ಮೊಬೈಲ್ ಮೇಲೆ ಹೆಚ್ಚು ಬ್ಯಾಕ್ಟೀರಿಯಾ ಇರುತ್ತವೆ ಎಂದು ಓದಿದಾಗಿನಿಂದ ನನಗೆ ನಿದ್ದೆಯಿಲ್ಲ. ದಿನಕ್ಕೆ ಹತ್ತು ಸಲ ಒರೆಸುತ್ತೇನೆ. ಅತ್ತೆ ‘ಇದು ಅತಿಯಾಯ್ತು’ ಅನ್ನುತ್ತಾರೆ. ಏನು ಮಾಡಲಿ?
— ಒಬ್ಬ ತಾಯಿ

ಉತ್ತರ: ಟಾಯ್ಲೆಟ್ ಸೀಟಿನ ಹೋಲಿಕೆಯನ್ನು ಮೊದಲು ತಲೆಯಿಂದ ತೆಗೆದುಹಾಕಿ ತಾಯಿ. ಅದು ಬರೀ ಎಣಿಕೆಯ ಮಾತು. ಮೊಬೈಲ್ ಮೇಲಿರುವ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ನಮ್ಮದೇ ಚರ್ಮದವು, ನಿರುಪದ್ರವಿಗಳು. ಅವು ಯಾವ ಜಾತಿಯವು, ಯಾರ ಬಾಯಿಗೆ ಹೋಗುತ್ತವೆ ಎಂಬುದನ್ನು ನೋಡಬೇಕು.

ಹಾಗೆ ನೋಡಿದರೆ ನಿಮ್ಮ ಆತಂಕಕ್ಕೆ ಕಾರಣವಿದೆ. 2011ರಲ್ಲಿ ಬ್ರಿಟನ್ನಿನ 12 ನಗರಗಳಲ್ಲಿ ಮೊಬೈಲ್‌ಗಳನ್ನು ಪರೀಕ್ಷಿಸಿದಾಗ ಆರರಲ್ಲೊಂದರ ಮೇಲೆ ಮಲದಿಂದ ಬರುವ ಇ. ಕೋಲಿ ಸಿಕ್ಕಿತು. ಶೌಚದ ನಂತರ ಸರಿಯಾಗಿ ತೊಳೆಯದ ಕೈಯ ಗುರುತು ಅದು. ಟರ್ಕಿಯಲ್ಲಿ 200 ಆಸ್ಪತ್ರೆ ಸಿಬ್ಬಂದಿಯ ಮೊಬೈಲ್‌ಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 94.5ರ ಮೇಲೆ ಬ್ಯಾಕ್ಟೀರಿಯಾ ಇದ್ದವು. ಆ್ಯಂಟಿಬಯಾಟಿಕ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಕೂಡ ಅವುಗಳಲ್ಲಿತ್ತು. ಅಂಟಿದ ಮಾತ್ರಕ್ಕೆ ಕಾಯಿಲೆ ಬಂದೇಬಿಡುತ್ತದೆ ಎಂದಲ್ಲ. ಆದರೂ ವಾರ್ಡಿನ ಮೊಬೈಲ್ ಕೂಸಿನ ಬಾಯಿಗೆ ಹೋಗಲೇಬಾರದು.

ಆದ್ದರಿಂದ ಕೆಲಸ ನಿಮಗಿಂತ ಹೆಚ್ಚಾಗಿ ನಿಮ್ಮ ಯಜಮಾನರದ್ದು. ಡ್ಯೂಟಿ ಮುಗಿದ ಮೇಲೆ ಕೈ ತೊಳೆದು, ಒರೆಸದ ಮೊಬೈಲನ್ನೇ ಮತ್ತೆ ಹಿಡಿದರೆ ತೊಳೆದದ್ದು ನೀರಿಗೆ ಹೋಯಿತು. ಮೊದಲು ಮೊಬೈಲ್ ಆಫ್ ಮಾಡಿ, ಕವರ್ ಬಿಚ್ಚಿ, ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ವೈಪ್ಸ್‌ನಿಂದ ಎರಡನ್ನೂ ಒರೆಸಿ ತಾನಾಗಿ ಆರಲು ಬಿಡಲಿ. ಆಮೇಲೆ ಸೋಪು ಹಚ್ಚಿ 20 ಸೆಕೆಂಡ್ ಕೈ ಉಜ್ಜಿ ತೊಳೆಯಲಿ. ಬ್ಲೀಚ್ ಬೇಡ, ದ್ರಾವಣವನ್ನು ನೇರವಾಗಿ ಸಿಂಪಡಿಸುವುದೂ ಬೇಡ. ಮನೆಗೆ ಬಂದ ಮೇಲೆ ಮೊಬೈಲ್ ಮಗುವಿನ ಕೈಗೆಟುಕದ ಎತ್ತರದಲ್ಲಿರಲಿ. ಆ ವಯಸ್ಸಿನ ಮಕ್ಕಳಿಗೆ ಸ್ಕ್ರೀನ್ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲೇ ಹೇಳಿದೆ.

ನಿಮ್ಮ ಮೊಬೈಲ್‌ಗೆ ದಿನಕ್ಕೊಂದು ಸಲ ಸಾಕು. ಅತ್ತೆಯ ಮಾತಿನಲ್ಲಿ ಹುರುಳಿದೆ. ಮೊಬೈಲನ್ನು ಟಾಯ್ಲೆಟ್ಟಿಗೆ ಒಯ್ಯಬೇಡಿ, ಮಗುವಿಗೆ ತುತ್ತು ಕೊಡುವಾಗ ಮುಟ್ಟಬೇಡಿ. ಇಷ್ಟು ಮಾಡಿದ ಮೇಲೂ ಒರೆಸದೇ ಇರಲಾಗದ ಚಡಪಡಿಕೆ, ನಿದ್ದೆಗೇಡು ಮುಂದುವರಿದರೆ ಸುಮ್ಮನೆ ನುಂಗಿಕೊಳ್ಳಬೇಡಿ. ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಿ.